ಏಳು ವಾಕ್ಯದ ಗದ್ಯ

ಮಂಗಳವಾರ, ಬೆಳಿಗ್ಗೆ

ಪುಟ್ಟಿಯ ಅಮ್ಮನಿಗೆ,

ಹೆದರಬೇಡ, ಈ ಕಾಗದದಲ್ಲಿ ಪದ್ಯ ಇಲ್ಲ.

ಶುಭಾಶಯ ಪತ್ರಗಳಿಗೆ ನಾಲ್ಕು ನಾಲ್ಕು ಸಾಲು ಹೊಸೆದು ಹೊಟ್ಟೆ ಹೊರೆಯುವವನು ನಾನು. ಎಲ್ಲದಕ್ಕೂ ಪ್ರಾಸ ಸಿಕ್ಕಿಬಿಡುತ್ತದೆ. ಪುಟ್ಟಿಯ ಕೈ ಮುರಿದ ದಿನ ನೀನು ವಿಚಾರಿಸಿದಾಗಲೂ ಅವಳ ಪ್ಲಾಸ್ಟರಿನ ಮೇಲೊಂದು ಚೌಪದಿ ಬರೆದುಕೊಟ್ಟೆ. "ಪದ್ಯ ಬೇಡ ರೀ, ಏನಾಯ್ತು ಅಂತ ನೆಟ್ಟಗೆ ಹೇಳಿ," ಎಂದು ನೀನಂದೆ. ನಾನು ಹೇಳಲಿಲ್ಲ. ಮರುದಿನ ನೀನು ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟುಹೋದೆ. ಎರಡು ತಿಂಗಳಾಯಿತು.

ಹೇಳೋಣವೆಂದು ಕೂತರೆ ಗದ್ಯವೇ ಬರಲಿಲ್ಲ. ನಗಬೇಡ. ಪದ್ಯವಾಗದೆ ಉಳಿದದ್ದೇ ಗದ್ಯ, ಅದರಲ್ಲೇನು ಮಹಾ ಎಂದುಕೊಂಡಿದ್ದೆ. ಕೊನೆಗೆ ಮಾನ ಬಿಟ್ಟು, ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವ ಮೇಡಂ ಮುಂದೆ ಹಾಳೆ ಇಟ್ಟೆ. ಸ್ಟೂಲು ಜಾರಿತು, ಮಗು ಬಿತ್ತು, ಕೈ ಮುರಿಯಿತು ಎಂದಿತ್ತು. ಅವರು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು.

"ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದರು. "ಪದ್ಯದಲ್ಲಿ ಲಯ ಕೈಹಿಡಿದು ದಾಟಿಸಿಬಿಡುತ್ತೆ. ಗದ್ಯದಲ್ಲಿ ಒಂದೊಂದು ವಾಕ್ಯಕ್ಕೂ ನೀವೇ ಹೊಣೆ. ಯಾರು ಮಾಡಿದ್ದು, ಆಮೇಲೇನು, ಅದನ್ನ ಸರಿಯಾಗಿ ಕೂರಿಸೋದೇ ಅದರ ಕಲೆ."

ಐದನೆಯ ಸಲ ಬರೆದದ್ದು ಇದು:

ಪುಟ್ಟಿ ಕಪಾಟಿನ ಮೇಲಿದ್ದ ಬಣ್ಣದ ಪೆಟ್ಟಿಗೆ ಕೇಳಿದಳು. ನಾನು ಪ್ರಾಸ ಹುಡುಕುತ್ತಿದ್ದೆ. ಇರು ಎಂದೆ. ಅವಳು ಮತ್ತೆ ಕೇಳಿದಳು. ನಾನು ಗದರಿದೆ. ಸ್ಟೂಲು ಎಳೆಯುವ ಸದ್ದು ಕೇಳಿಸಿತು. ನಾನು ತಲೆ ಎತ್ತಲಿಲ್ಲ.

ಮೇಡಂ ಒಂದಕ್ಷರವನ್ನೂ ತಿದ್ದಲಿಲ್ಲ. ಸುಮ್ಮನೆ ಹಾಳೆ ಮಡಿಚಿ ಕೈಗೆ ಕೊಟ್ಟು, ಮನೆಯವರಿಗೆ ಕಳಿಸಿ ಎಂದರು. ಇಷ್ಟು ವರ್ಷ ಬರೆದದ್ದರಲ್ಲಿ ನನ್ನದು ಅನ್ನಿಸಿದ್ದು ಈ ಏಳು ವಾಕ್ಯ. ನಾಚಿಕೆಯಿಂದ ಮುಖ ಬಿಸಿಯಾಯಿತು, ಆದರೂ ಅಂದು ಹೊಟ್ಟೆ ತುಂಬ ಊಟ ಮಾಡಿದೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಒಳಗೆ ಕರೆಯಲೇಬೇಕೆಂದಿಲ್ಲ. ನೀನು ಕೇಳಿದ್ದಕ್ಕೆಲ್ಲ ಬಾಗಿಲಲ್ಲೇ ನಿಂತು ಉತ್ತರ ಹೇಳುತ್ತೇನೆ.

ನಿನ್ನ,
ಪುಟ್ಟಿಯ ಅಪ್ಪ

ಸಹಿ ಹಾಕಿದ ಮೇಲೆ: ಇನ್ನೊಂದು ಉಳಿದಿದೆ. ಅವಳು ಬೀಳುವಾಗ ಅಪ್ಪ ಸ್ನಾನಕ್ಕೆ ಹೋಗಿದ್ದರು ಎಂದು ಪುಟ್ಟಿ ನಿನಗೆ ಹೇಳಿದಳಲ್ಲ, ಹಾಗೆ ಹೇಳಿಕೊಟ್ಟವನು ನಾನೇ. ಅವಳನ್ನು ಬೈಯಬೇಡ. ನಿನ್ನೆ ಫೋನಿನಲ್ಲಿ, ಅಮ್ಮನಿಗೆ ನಿಜ ಹೇಳಿಬಿಡು ಎಂದೆ. ಅವಳು, "ಹಾಗಾದ್ರೆ ಅದನ್ನ ಇನ್ನು ನೆನಪಿಟ್ಕೊಳ್ಳೋದು ಬೇಡ್ವಾ ಅಪ್ಪ?" ಎಂದಳು.

ಬೇಡ ಮಗಳೇ ಎಂದೆ.