ಹಳೆಯ ಕಂಪ್ಯೂಟರು, ಹೊಸ ಡ್ರೈವು ಮತ್ತು ನಿನ್ನ ಗದರಿಕೆ

ಆಸ್ಪತ್ರೆಯಲ್ಲಿ ಮಲಗಿಕೊಂಡೇ ನಮ್ಮ ಹೊಲಿಗೆ ಅಂಗಡಿ ನಡೆಸುತ್ತಿರುವ ಸೊಸೆಗೆ, ಅತ್ತೆಯ ಆಶೀರ್ವಾದಗಳು.

ಈ ಕಾಗದವನ್ನು ಊಟದ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಮೊದಲು ಊಟ ಮಾಡು, ಆಮೇಲೆ ಓದು. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿದೆ, ಎದ್ದು ಓಡಾಡಬೇಡ. ಹೊಲಿಗೆಯ ವಿಷಯದಲ್ಲಿ ನಿನ್ನ ಡಾಕ್ಟರಿಗಿಂತ ನನಗೆ ಹೆಚ್ಚು ಗೊತ್ತು.

ಶಾಲೆಯ ಅಂಗಿಗಳಿಗೆ ಬ್ಯಾಡ್ಜ್ ಹಾಕುವುದು ನೀನು ಸ್ವಂತವಾಗಿ ಹಿಡಿದ ಮೊದಲ ಕೆಲಸ. ನೀನು ಮಲಗಿದ್ದಕ್ಕೆ ಅದು ಕೈತಪ್ಪಿತು ಅಂತ ಯಾರೂ ಅನ್ನಬಾರದು. ಅದಕ್ಕೇ ಬ್ಯಾಡ್ಜಿನ ಡಿಸೈನ್ ಹಾಕಿ ಮಗನ ಕೈಲಿ ನೀನು ಕಳಿಸಿದ ಹೊಸ ಡ್ರೈವನ್ನು ಅಂಗಡಿಯ ಕಂಪ್ಯೂಟರಿಗೆ ನಾನೇ ಜೋಡಿಸಲು ಕೂತೆ. ನಮ್ಮ ಕಸೂತಿ ಯಂತ್ರ ಆ ಹಳೆಯ ಕಂಪ್ಯೂಟರಿನ ಮಾತು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಈ ಗುಣ ನನ್ನ ಮಗನಿಗಿಲ್ಲ.

ನಿನ್ನ ಡ್ರೈವಿನ ವೈರಿನ ತುದಿ ಕಂಪ್ಯೂಟರಿಗೆ ಹೊಂದಲಿಲ್ಲ. ಎದುರಿನ ಮೊಬೈಲ್ ಅಂಗಡಿಯಿಂದ ಉಗುರಿನಷ್ಟಿರುವ ಅಡಾಪ್ಟರ್ ತಂದೆ. ಮುಂದಿನ ತೂತಿಗೆ ಸಿಕ್ಕಿಸಿದರೆ ದೀಪ ಮಿನುಗಿ ಆರಿಹೋಯಿತು. ಮೇಜಿನ ಕೆಳಗೆ ನುಗ್ಗಿ, ಧೂಳು ತಿಂದು, ಹಿಂದಿನದಕ್ಕೆ ಸಿಕ್ಕಿಸಿದೆ. ಅಲ್ಲಿ ಪವರ್ ಜಾಸ್ತಿಯಂತೆ, ದೀಪ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಪರದೆಯ ಮೇಲೊಂದು ಪ್ರಶ್ನೆ: ಬಳಸುವ ಮೊದಲು ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅಷ್ಟು ಓದಲು ನನ್ನ ಹೈಸ್ಕೂಲು ಸಾಕು. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸುತ್ತೇವಲ್ಲ, ಇದೂ ಹಾಗೇ ಎಂದುಕೊಂಡೆ. ನೆನೆಸದೆ ಕತ್ತರಿ ಹಾಕಿದವಳು ನಾನಲ್ಲ. ಹೂಂ ಎನ್ನಲು ಬೆರಳಿಟ್ಟು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಲು ನಿನಗೆ ಫೋನು ಮಾಡಿದೆ.

"ಅತ್ತೆ, ಮೊದಲು ಕೈ ತೆಗೀರಿ! ಅದನ್ನ ಒತ್ತಿದ್ರೆ ನೋಡಿ ಮತ್ತೆ!"

ನೀನು ಕಿರುಚಿದ ರಭಸಕ್ಕೆ ಪಕ್ಕದ ಹಾಸಿಗೆಯವರೂ ಎದ್ದು ಕೂತಿರಬೇಕು. ನನ್ನನ್ನು ಹಾಗೆ ಗದರಿದವರು ಈ ಮನೆಯಲ್ಲಿ ಯಾರೂ ಇಲ್ಲ, ನಿನ್ನ ಮಾವನವರಿಗೂ ಆ ಧೈರ್ಯ ಇರಲಿಲ್ಲ. ಆದರೂ ಕೈ ತಾನಾಗಿ ಹಿಂದೆ ಬಂತು. ಆಮೇಲೆ ನೀನು ಮೆಲ್ಲಗೆ, "ಡ್ರೈವ್ ಕೆಟ್ಟಿಲ್ಲ ಅತ್ತೆ. ಅದರಲ್ಲಿರೋದನ್ನ ಓದೋಕೆ ನಮ್ಮ ಹಳೇದಕ್ಕೆ ಬರಲ್ಲ, ಅಷ್ಟೆ. ಹೂಂ ಅಂದಿದ್ರೆ ನನ್ನ ಡಿಸೈನೆಲ್ಲ ಅಳಿಸಿಹೋಗ್ತಿತ್ತು" ಎಂದೆ. ನೀನು ಹೇಳಿದಂತೆ ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಹಾಕಿಸಿ, ಬ್ಯಾಡ್ಜನ್ನು ಹಳೆಯ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಅದನ್ನು ನಮ್ಮ ಕಂಪ್ಯೂಟರು ತಕರಾರಿಲ್ಲದೆ ಒಪ್ಪಿಕೊಂಡಿತು.

ಅಂಗಿಗಳೆಲ್ಲ ಇವತ್ತು ಶಾಲೆ ಸೇರಿವೆ. ಹೆಡ್‌ಮಿಸ್ಸು ಬ್ಯಾಡ್ಜಿನ ಮೇಲೆ ಬೆರಳಾಡಿಸಿ, "ಯಾರಮ್ಮ ಇದನ್ನ ಮಾಡಿದ್ದು?" ಎಂದರು. "ನಮ್ಮ ಸೊಸೆ" ಎಂದೆ. ನನಗಿಂತ ನೀಟಾಗಿ ಮಾಡುತ್ತಾಳೆ ಎಂದೂ ಹೇಳಬೇಕೆನಿಸಿತು, ಹೇಳದೆ ಬಿಲ್ಲು ಮುಂದಿಟ್ಟೆ. ನಿನಗೆ ಫೋನಿನಲ್ಲಿ ಹೇಳಲೂ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಅತ್ತೆ ಏನಂದುಕೊಳ್ಳುತ್ತಾರೋ ಎಂದು ಅವತ್ತು ನೀನು ಸುಮ್ಮನಿದ್ದಿದ್ದರೆ ನಿನ್ನ ಕೆಲಸವೆಲ್ಲ ನನ್ನ ಕೈಯಲ್ಲೇ ಹಾಳಾಗುತ್ತಿತ್ತು. ಇನ್ನು ಮುಂದೆ ಗದರಬೇಕಾದಲ್ಲಿ ಗದರು. ಕಂಪ್ಯೂಟರಿನ ವಿಷಯದಲ್ಲಿ ನಿನ್ನ ಮಾತೇ ಕೊನೆ. ಕತ್ತರಿ ಮಾತ್ರ ನನ್ನ ಕೈಯಲ್ಲೇ ಇರಲಿ.

ನೂರು ಕಾಲ ಗಟ್ಟಿಯಾಗಿ ಬಾಳು. ಬೇಗ ಮನೆಗೆ ಬಾ.

ನಿನ್ನಿಂದ ಬೈಸಿಕೊಂಡ,
ಅತ್ತೆ