ನಾಲ್ವರ ಗರಗಸ

ಮಾರ್ಚ್ 4, ಸೋಮವಾರ, ಸಂಜೆ

ಇದು ಕಳ್ಳತನ. ಬೇರೆ ಹೆಸರಿಲ್ಲ. ಮೂರು ದಿಮ್ಮಿ ಕೊಯ್ಯಲು ಕೊಟ್ಟರೆ ಎರಡು ದಿಮ್ಮಿಯ ಹಲಗೆ ವಾಪಸ್ ಬರುತ್ತದೆ. ಮೂರನೆಯದು ಸಾಮಿಲ್ಲಿನ ದಣಿಯ 'ಪಾಲು'. ಅದರ ಮೇಲೆ ಸೀಳುಚೂರು, ಹೊಟ್ಟು, ತೊಗಟೆ ಎಲ್ಲವೂ ಅವನದೇ. ಮರ ಹುಡುಕಿದ್ದು ನಾವು. ಕೊಂಡದ್ದು ನಾವು. ಹೊತ್ತು ತಂದದ್ದು ನಾವು. ಅವನು ಸ್ವಿಚ್ ಒತ್ತಿದ.

ಇವತ್ತೂ ಮಾವ ಅವನ ಮುಂದೆ ಕೈ ಕಟ್ಟಿ ನಿಂತರು. ನಾನು ಕೇಳಿಯೇಬಿಟ್ಟೆ — ಕೂಲಿ ದುಡ್ಡಿನಲ್ಲಿ ತೊಗೊಳ್ಳಿ, ಮರದಲ್ಲಿ ಯಾಕೆ? ದಣಿ ನಕ್ಕ. "ಯಾರ್ರೀ ಇವಳು? ನಿಮ್ಮ ವಕೀಲರಾ?"

ಮಾವನೂ ನಕ್ಕರು. ನನಗೆ ಮೈ ಉರಿದದ್ದು ಅದಕ್ಕೆ. ದಾರಿಯುದ್ದಕ್ಕೂ ಬೈಗುಳ ನನಗೇ. "ಅಕ್ಕನ ಮಗಳು ಅಂತ ಶೆಡ್ಡಲ್ಲಿ ಕೆಲಸ ಕೊಟ್ಟೆ, ಭಾಷಣ ಮಾಡು ಅಂತಲ್ಲ. ಮರ ಉಜ್ಜು. ಬಾಯಿ ಉಜ್ಜಬೇಡ. ನಿನ್ನಿಂದ ಮುಂದಿನ ಸಲ ಮೂರಕ್ಕೆ ಒಂದೂವರೆ ಕಿತ್ಕೋತಾನೆ ನೋಡು."

ಉಜ್ಜುಕಾಗದ ಎರಡು ಹರಿದೆ. ಕುರ್ಚಿಯ ಕಾಲು ಕನ್ನಡಿಯ ಹಾಗಾಯಿತು. ಸಿಟ್ಟಿಗೆ ಇಷ್ಟಾದರೂ ಉಪಯೋಗವಿದೆ.

ಮಾರ್ಚ್ 6

ಗೂಟ ಸುದ್ದಿ ತಂದ. ಗೂಟ ಅಂದರೆ ನಮ್ಮ ಬಡಗಿ — ಆರಡಿ ಎತ್ತರ, ಬಗ್ಗುವುದು ಗೊತ್ತಿಲ್ಲ. ಊರಾಚೆ ಇರುವ, ಎಲ್ಲರೂ ಗರಗಸದಮ್ಮ ಎಂದು ಕರೆಯುವ ಹೆಂಗಸು ತನ್ನ ಯಂತ್ರ ಮಾರುತ್ತಿದ್ದಾಳಂತೆ. ಟ್ರೇಲರ್ ಮೇಲೆ ಎಳೆದೊಯ್ಯುವ ಸಾಮಿಲ್. ಹಳೆಯದು, ಆದರೆ ಓಡುತ್ತದೆ.

ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. ನಾನು ಕೂಡಿಟ್ಟಿರುವ ಕೆಂಪು ಕರಪತ್ರಗಳಲ್ಲಿ ಇದನ್ನೇ ಬರೆದಿದೆಯಲ್ಲ — ಉಪಕರಣ ದುಡಿಯುವವರ ಕೈಗೆ ಬರಬೇಕು, ಎಲ್ಲರ ಕೈಗೂ. ಅಲ್ಲಿಯೇ ಹೇಳಿದೆ: ನಾಲ್ವರೂ ಸೇರಿ ಕೊಳ್ಳೋಣ. ಮಾವ, ಗೂಟ, ಮರಕ್ಕೆ ಪಾಲಿಷ್ ಹಚ್ಚುವ ಅಕ್ಕ, ನಾನು. ಸಮಪಾಲು. ಯಜಮಾನ ಯಾರೂ ಇಲ್ಲ.

"ಯಜಮಾನ ಇಲ್ಲದ್ದು ಯಾವುದಾದ್ರೂ ಓಡಿದ್ದು ನೋಡಿದೀಯಾ?" ಮಾವ.

"ನದಿ," ಅಂದೆ.

"ಅದು ತಗ್ಗಿಗೆ ಓಡತ್ತೆ."

ಪಾಲಿಷ್ ಅಕ್ಕ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು, "ನಾನು ಸೇರ್ತೀನಿ. ಆ ದಣಿ ಮುಖ ನೋಡೋದು ತಪ್ಪತ್ತಲ್ಲ, ಅಷ್ಟು ಸಾಕು," ಅಂದಳು. ಗೂಟನೂ ಹೂಂ ಅಂದ. ಆಮೇಲೆ ಮಾವನಿಗೂ ಬೇರೆ ದಾರಿಯಿರಲಿಲ್ಲ.

ಮಾರ್ಚ್ 10, ಭಾನುವಾರ

ನೋಡಿ ಬಂದೆವು.

ಎರಡು ಉದ್ದ ಹಳಿ. ನಡುವೆ ದಿಮ್ಮಿ ಮಲಗುತ್ತದೆ. ಮೇಲೆ ಪೆಟ್ರೋಲ್ ಇಂಜಿನ್, ಎರಡು ಚಕ್ರ, ಚಕ್ರಗಳಿಗೆ ರಬ್ಬರ್ ಬೆಲ್ಟ್, ಅದರ ಮೇಲೆ ರಿಬ್ಬನ್ನಿನ ಹಾಗೆ ಸುತ್ತಿದ ಬ್ಲೇಡ್. ದಿಮ್ಮಿ ಅಲ್ಲಾಡುವುದಿಲ್ಲ. ಗರಗಸವೇ ಹಳಿಯ ಮೇಲೆ ನಡೆದುಕೊಂಡು ಹೋಗುತ್ತದೆ. ಪಕ್ಕದಲ್ಲಿ ಒಂದು ಹಿಡಿಕೆ — ತಿರುಗಿಸಿದರೆ ಬ್ಲೇಡ್ ಬಿಗಿಯಾಗುತ್ತದೆ. ಮರ ದಣಿಯ ಬಾಗಿಲಿಗೆ ಹೋಗಿ ನಿಲ್ಲಬೇಕಿಲ್ಲ. ಗರಗಸವೇ ಮರ ಇರುವಲ್ಲಿಗೆ ಬರುತ್ತದೆ. ಎಷ್ಟು ಹೊತ್ತು ನೋಡುತ್ತ ನಿಂತೆನೋ...

ಗರಗಸದಮ್ಮನಿಗೆ ಅರವತ್ತು ದಾಟಿರಬೇಕು. ಗಂಡಸರ ಶರ್ಟು, ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಯಾಕೆ ಮಾರುತ್ತೀರಿ ಎಂದು ಕೇಳಿದೆ. "ಭುಜ ಹೋಯ್ತು. ಇನ್ಮೇಲೆ ಕೋಳಿ ಸಾಕ್ತೀನಿ. ಕೋಳಿಗೆ ಇಂಜಿನ್ ಇರಲ್ಲ."

ಗೂಟ ಹಳಿಯ ಹೊಸ ಬಣ್ಣವನ್ನು ಉಗುರಿನಲ್ಲಿ ಕೆರೆಯತೊಡಗಿದ. "ಏಯ್, ಅದೇನು ಲಾಟರಿ ಟಿಕೆಟ್ಟಾ? ಕೈ ತೆಗಿ!" ಅಂದಳು. ಆಮೇಲೆ ನನ್ನ ಕಡೆ ತಿರುಗಿ:

"ಯಾರು ತೊಗೋತಿರೋದು?"

"ನಾವು."

"ನಾವು ಅಂದ್ರೆ?"

"ನಾಲ್ಕೂ ಜನ."

"ಎಣ್ಣೆ ಹಾಕೋದು ಯಾರು?"

"ಎಲ್ಲರೂ."

ಅಡಿಯಿಂದ ಮುಡಿಯವರೆಗೆ ನೋಡಿದಳು. "ಮುಂಗಡ ಕೊಟ್ಟು ಒಂದು ವಾರ ಎಳ್ಕೊಂಡು ಹೋಗಿ. ಓಡಿಸಿ ನೋಡಿ, ಆಮೇಲೆ ಮಾತು. ದಣಿನೂ ಕೇಳಿ ಕಳಿಸಿದಾನೆ. ತೂಕಕ್ಕೆ."

ತೂಕಕ್ಕೆ ಅಂದರೆ ಗುಜರಿಗೆ! ಓಡುವ ಯಂತ್ರವನ್ನು ಕೊಂಡು ಮುರಿದು ಹಾಕುತ್ತಾನೆ. ಆಮೇಲೆ ಊರಿಗೆಲ್ಲ ಅವನದೊಂದೇ ಗರಗಸ. ಮೂರಕ್ಕೆ ಒಂದು, ನಾವು ಸಾಯುವ ತನಕ.

ಅಲ್ಲೇ ಮುಂಗಡ ಕೊಟ್ಟೆವು. ಮಾವನ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು.

ಮಾರ್ಚ್ 12, ಮಂಗಳವಾರ

ಬಂತು. ಶೆಡ್ಡಿನ ಹಿಂದೆ ನಿಲ್ಲಿಸಿದೆವು. ನಿಯಮ ನಾನೇ ಹೇಳಿದೆ: ದಿನಕ್ಕೊಬ್ಬರ ಪಾಳಿ. ಎಣ್ಣೆ, ಬಿಗಿತ, ಇಂಜಿನ್ ಎಲ್ಲವನ್ನೂ ಎಲ್ಲರೂ ಕಲಿಯಬೇಕು. ಯಾರೂ ಯಾರಿಗೂ ಆಜ್ಞೆ ಮಾಡುವಂತಿಲ್ಲ. ಗೂಟ ಚಪ್ಪಾಳೆ ತಟ್ಟಿದ. ಮಾವ ಆಕಳಿಸಿದರು.

ಮೊದಲ ಹಲಗೆ! ಹಸಿ ಮರದ ವಾಸನೆ. ಪಾಲಿಷ್ ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಮಾವನೂ ಬೆರಳಿನಿಂದ ತಟ್ಟಿ ನೋಡಿ, "ಪರವಾಗಿಲ್ಲ ಕಣೇ ಕರಪತ್ರ," ಅಂದರು. ಮಾವನಿಗೆ ನನ್ನ ಮೇಲೆ ಪ್ರೀತಿ ಉಕ್ಕಿದಾಗ ಮಾತ್ರ ನಾನು ಕರಪತ್ರ.

ಸೀಳುಚೂರೂ ನಮ್ಮದೇ. ಹೊಟ್ಟೂ ನಮ್ಮದೇ.

ಮಾರ್ಚ್ 13

ಇವತ್ತು ಗೂಟನ ಪಾಳಿ. ಎಣ್ಣೆ ಹಾಕಿದ್ದಾನೋ ಇಲ್ಲವೋ, ಅವನ ಮರೆವು ನನಗೆ ಗೊತ್ತಿಲ್ಲವೇ. ಯಾರೂ ಇಲ್ಲದಾಗ ನಾನೇ ಒಂದಿಷ್ಟು ಹಾಕಿ ಬಂದೆ. ಹೇಳಿ ಪಾಪ ಅವನ ಮನಸ್ಸು ನೋಯಿಸುವುದೇಕೆ.

ಮಧ್ಯಾಹ್ನ ಬ್ಲೇಡ್ ಚಕ್ರದ ಮೇಲೆ ಸ್ವಲ್ಪ ಜಾರಿತು. ಹಿಡಿಕೆ ಅರ್ಧ ಸುತ್ತು ತಿರುಗಿಸಿದೆ. ಸರಿಹೋಯಿತು.

ಮಾರ್ಚ್ 14

ಮತ್ತೆ ಜಾರಿತು. ಮತ್ತೆ ಅರ್ಧ ಸುತ್ತು. ಹಲಗೆಯಲ್ಲಿ ಅಲೆ ಬರುತ್ತಿದೆ. ಮಾವ ಗೂಟನನ್ನು ದುರುಗುಟ್ಟಿ ನೋಡುತ್ತಾರೆ, ಗೂಟ ಅಕ್ಕನನ್ನು. ಯಾರೂ ಮಾತಾಡುವುದಿಲ್ಲ. ಆಜ್ಞೆ ಮಾಡುವಂತಿಲ್ಲವಲ್ಲ...

ಮಾರ್ಚ್ 15, ಶುಕ್ರವಾರ, ಮಧ್ಯಾಹ್ನ

ಮುರಿಯಿತು.

ದಿಮ್ಮಿಯ ಅರ್ಧಕ್ಕೆ ಬಂದಾಗ ಢಮ್ ಎಂದಿತು. ಬ್ಲೇಡ್ ಎರಡು ತುಂಡು. ಮೇಲೆ ಕಬ್ಬಿಣದ ಮುಚ್ಚಳ ಇತ್ತು, ಯಾರಿಗೂ ಏನೂ ಆಗಲಿಲ್ಲ.

"ಸಡಿಲ ಇತ್ತು ಅಂತ ಮಾತ್ರ ಹೇಳ್ಬೇಡಿ," ಮಾವ. "ಬೆಳಿಗ್ಗೆ ಬಂದವನೇ ನಾನೇ ಬಿಗಿ ಮಾಡಿದೀನಿ. ದಿನಾ ಮಾಡ್ತಿದೀನಿ."

"ದಿನಾನಾ?" ಗೂಟ. "ನಾನು ಟೀ ಕುಡಿದು ಬಂದು ದಿನಾ ಮಾಡ್ತಿದೀನಲ್ಲ!"

ಪಾಲಿಷ್ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ. ನಾನೂ. ನಿಮ್ಮನ್ನ ನಂಬೋದು ಹೇಗೆ ಅಂತ..."

ಮೂವರೂ ನನ್ನ ಕಡೆ ತಿರುಗಿದರು.

"ಅರ್ಧ ಸುತ್ತು," ಅಂದೆ. "ಅಷ್ಟೇ."

ಎಣ್ಣೆಯದೂ ಅದೇ ಕಥೆ. ನಾಲ್ವರೂ ಹಾಕಿದ್ದೇವೆ. ರಬ್ಬರ್ ಬೆಲ್ಟ್ ಎಣ್ಣೆಯಲ್ಲಿ ಮಿಂದಿದೆ. ಅದಕ್ಕೇ ಬ್ಲೇಡ್ ಜಾರಿದ್ದು. ಜಾರಿತೆಂದು ನಾಲ್ವರೂ ಬಿಗಿದದ್ದು. ಬಿಗಿದೂ ಬಿಗಿದೂ ತುಂಡಾದದ್ದು.

ಒಬ್ಬರೂ ಮೈಗಳ್ಳರಲ್ಲ. ಸಿಟ್ಟು ಬರುವುದೇ ಅದಕ್ಕೆ. ಮೈಗಳ್ಳರನ್ನು ಏನು ಮಾಡಬೇಕು ಎಂದು ನನ್ನ ಕರಪತ್ರಗಳಲ್ಲಿ ಬೇಕಾದಷ್ಟಿದೆ. ನಾಲ್ಕು ಜನ ಒಬ್ಬರಿಗೊಬ್ಬರು ತಿಳಿಯದ ಹಾಗೆ ದುಡಿದರೆ ಏನು ಮಾಡಬೇಕು ಎಂದು ಒಂದರಲ್ಲೂ ಇಲ್ಲ. ಎಲ್ಲ ತಿರುವಿ ನೋಡಿದೆ. ಇಲ್ಲ.

ಮಾರ್ಚ್ 18, ಸೋಮವಾರ

ಎರಡು ದಿನ ಬರೆಯಲಿಲ್ಲ. ಬರೆಯಲು ಬೈಗುಳ ಬಿಟ್ಟು ಏನೂ ಇರಲಿಲ್ಲ.

ಇವತ್ತು ಗರಗಸದಮ್ಮ ಬಂದಳು. ಮುಚ್ಚಳ ಎತ್ತಿದಳು, ಬೆರಳಿನಿಂದ ಬೆಲ್ಟ್ ಮುಟ್ಟಿದಳು, ಮೂಸಿದಳು. ಆಮೇಲೆ ನಗು. ದಿಮ್ಮಿಯ ಮೇಲೆ ಕೂತು, ಭುಜ ಹಿಡಿದುಕೊಂಡು ನಕ್ಕಳು.

"ಎಣ್ಣೆ ಇಲ್ಲದೆ ಸತ್ತ ಮಿಷಿನ್ನು ಬೇಕಾದಷ್ಟು ನೋಡಿದೀನಿ. ಎಣ್ಣೆ ಕುಡ್ಕೊಂಡು ಸತ್ತಿದ್ದು ಇದೇ ಮೊದಲು!"

ಗೂಟನಿಗೆ ಅವಮಾನ ತಡೆಯಲಾಗಲಿಲ್ಲ. "ನಗ್ತೀರಲ್ಲ, ಈ ಹಳಿ ಬಿರುಕು ಬಿಟ್ಟಿದ್ದಕ್ಕೆ ಬೆಸುಗೆ ಹಾಕಿ ಬಣ್ಣ ಬಳಿದಿದೀರಲ್ಲ, ಅದನ್ನ ಯಾಕೆ ಹೇಳ್ಲಿಲ್ಲ?"

ನಗು ನಿಂತಿತು. ಗರಗಸದಮ್ಮನ ಕಿವಿ ಕೆಂಪಾಯಿತು. "ಅದರಿಂದ ಬ್ಲೇಡ್ ಮುರಿಯಲ್ಲ."

"ಆದ್ರೂ ಹೇಳ್ಬೇಕಿತ್ತು," ನಾನು. ಸುಮ್ಮನಿರಲು ಆಗಲಿಲ್ಲ. "ಮುಚ್ಚಿಟ್ಟು ಮಾರೋದು ಮೋಸ."

"ಹೌದಮ್ಮಾ, ಮೋಸ. ಮಾರೋವಾಗ ಎಲ್ಲರೂ ಬಣ್ಣ ಬಳೀತಾರೆ." ಎತ್ತಿದ್ದ ಮುಚ್ಚಳ ಮುಚ್ಚಿದಳು. "ಆಯ್ತು. ಬಿರುಕು ನಂದು, ಬ್ಲೇಡ್ ನಿಮ್ಮದು. ಹೊಸ ಬ್ಲೇಡ್ ನಾನೇ ಹಾಕ್ತೀನಿ. ಚುಕ್ತಾ. ಆದ್ರೆ ಈ ಥರ ನಾಲ್ಕು ಕೈಗೆ ಕೊಡಲ್ಲ. ಕಾಗದದಲ್ಲಿ ನಲವತ್ತು ಹೆಸರು ಬರ್ಕೊಳ್ಳಿ, ನಂಗೇನು. ಹಿಡಿಕೆ ಮೇಲೆ ಒಂದೇ ಕೈ ಇರಬೇಕು. ಯಾರದು ಅಂತ ನೀವೇ ಹೇಳಿ. ಗುರುವಾರ ಬೆಳಿಗ್ಗೆ ಏಳಕ್ಕೆ ಅವರೊಬ್ಬರೇ ನನ್ನ ಶೆಡ್ಡಿಗೆ ಬರ್ಲಿ. ಬಿಗಿಯೋದು ಕಲಿಸ್ತೀನಿ, ಅವತ್ತೇ ಮಾರಾಟದ ಕಾಗದ. ಬರಲಿಲ್ಲ ಅಂದ್ರೆ ಎಂಟಕ್ಕೆ ದಣಿ ಲಾರಿ."

ಯಂತ್ರವನ್ನು ಜೀಪಿಗೆ ಕಟ್ಟಿ ಎಳೆದುಕೊಂಡು ಹೋದಳು. ಶೆಡ್ಡಿನ ಹಿಂದೆ ಹೊಟ್ಟಿನ ಗುಡ್ಡೆ ಮಾತ್ರ ಉಳಿದಿದೆ.

ಒಂದೇ ಕೈ. ಯಾವುದನ್ನು ಬೇಡವೆಂದು ಹೊರಟೆವೋ ಅದೇ.

ಮಾರ್ಚ್ 19

ಕೈ ಯಾರದು ಎಂಬ ಪ್ರಶ್ನೆಯೇ ಮಾವನಿಗಿಲ್ಲ. "ನಂದೇ. ಇನ್ಯಾರದು?" ಗೂಟ ನೆಲ ನೋಡಿದ. ಇರಲಿ, ಶೆಡ್ಡು ಅವರದು, ವಯಸ್ಸಾಗಿದೆ ಎಂದುಕೊಂಡೆ. ಸೋತುಬಿಟ್ಟೆ ಎಂದೇ ಇಟ್ಟುಕೊಳ್ಳೋಣ.

ಮಧ್ಯಾಹ್ನ ಆಚೆ ಬೀದಿಯ ಗಾಡಿ ಮಾಡುವವನು ಬಂದ. ಮಿಷಿನ್ನು ಬಂದ ಮೇಲೆ ನನ್ನ ದಿಮ್ಮೀನೂ ಕೊಯ್ದು ಕೊಡ್ತೀರಾ ಎಂದು ಕೇಳಿದ. ಮಾವ ಗಡ್ಡ ಕೆರೆದುಕೊಂಡರು. "ಕೊಡೋಣ. ದಣಿ ಥರ ಮೂರಕ್ಕೆ ಒಂದು ಬೇಡಪ್ಪಾ. ನಾಲ್ಕಕ್ಕೆ ಒಂದು ಕೊಡು ಸಾಕು."

ನಾನು ಒಳಗಿದ್ದೆ. ಕೈಯಲ್ಲಿದ್ದ ಉಜ್ಜುಕಾಗದ ಅಲ್ಲೇ ಬಿಟ್ಟು ಹೊರಗೆ ಬಂದೆ. ಗಾಡಿಯವನು ಹೋಗುವವರೆಗೂ ಕಾಯಲಿಲ್ಲ.

"ನಾಲ್ಕಕ್ಕೆ ಒಂದಾ? ಮಿಷಿನ್ನು ಇನ್ನೂ ಕೈಗೆ ಬಂದಿಲ್ಲ!"

"ಮತ್ತೆ ಪೆಟ್ರೋಲ್ ನಿನ್ನ ಕರಪತ್ರದಿಂದ ಹಿಂಡೋದಾ? ಬ್ಲೇಡ್ ಯಾರು ತರ್ತಾರೆ?"

"ಓಡಿದಷ್ಟು ಹೊತ್ತಿಗೆ ದುಡ್ಡು ತೊಗೊಳ್ಳಿ. ಪೆಟ್ರೋಲ್, ಬ್ಲೇಡ್, ನಮ್ಮ ಕೂಲಿ. ಅವನ ಮರ ಅವನದು!"

"ಅವನ ಹತ್ರ ದುಡ್ಡಿದ್ರೆ ಮರ ಯಾಕೆ ಕೊಡ್ತಿದ್ದ? ಕೇಳು ಅವನನ್ನೇ."

ಗಾಡಿಯವನು ನನ್ನನ್ನೂ ಮಾವನನ್ನೂ ನೋಡಿದ. "ಮರ ಆದ್ರೆ ಸುಲಭನೇ ಕಣಮ್ಮಾ... ದುಡ್ಡು ಎಲ್ಲಿದೆ." ಹೋದ.

ನನ್ನ ಪರವಾಗಿ ಮಾತಾಡಬೇಕಾದವನೇ! ಕೂಗಬೇಕು ಅನಿಸಿತು. ಕೂಗಿದೆ ಕೂಡ. ಏನು ಕೂಗಿದೆನೋ ನೆನಪಿಲ್ಲ. ಪಾಲಿಷ್ ಅಕ್ಕ ನೀರು ತಂದು ಕೊಟ್ಟಳು.

ಈಗ ಯೋಚಿಸಿದರೆ — ಅವನು ಗಾಡಿ ಮಾರಿದ ಮೇಲೆ ದುಡ್ಡು ಕೊಟ್ಟರಾಯಿತಲ್ಲ. ಕಾಯಬಹುದಲ್ಲ. ಆ ಹೊತ್ತಿಗೆ ಇದು ಹೊಳೆಯಲೇ ಇಲ್ಲ. ಬಾಯಿಗೆ ಬರೀ ದೊಡ್ಡ ದೊಡ್ಡ ಮಾತು ಬಂತು.

ಮಾರ್ಚ್ 20, ಬುಧವಾರ, ಸಂಜೆ

ಇತ್ಯರ್ಥವಾಯಿತು. ಆಯಿತು ಅನ್ನಬೇಕು, ಅಷ್ಟೇ.

ಬೆಳಿಗ್ಗೆಯೇ ಹೇಳಿದೆ: ಮರದಲ್ಲಿ ಪಾಲು ಕೇಳುವ ಕೈ ಹಿಡಿಕೆಯ ಮೇಲೆ ಇರಕೂಡದು. ಗಾಡಿಯವನು ಗಾಡಿ ಮಾರಿದ ಮೇಲೆ ದುಡ್ಡು ಕೊಡಲಿ. ಅದಕ್ಕೆ ಒಪ್ಪದಿದ್ದರೆ ನನ್ನ ಪಾಲಿನ ಮುಂಗಡ ಬಿಟ್ಟು ಹೊರಗೆ ಹೋಗುತ್ತೇನೆ. ಗೂಟ ಮೊದಲ ಸಲ ಬಗ್ಗಿದ — ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ. ಪಾಲಿಷ್ ಅಕ್ಕ ಬ್ರಷ್ ಡಬ್ಬಿಯಲ್ಲಿಟ್ಟು, "ಅವಳು ಹೋದ್ರೆ ನಾನೂ ಹೋಗ್ತೀನಿ," ಅಂದಳು.

ಮಾವ ಬಹಳ ಹೊತ್ತು ಉಳಿ ಮಸೆದರು. ಆಮೇಲೆ ಉಳಿ ಕೆಳಗಿಟ್ಟು:

"ಸರಿ. ನೀನೇ ಹೋಗು. ಕೈ ನಿಂದೇ ಇರ್ಲಿ. ಗಾಡಿಯವನು ದುಡ್ಡು ಕೊಡಲಿಲ್ಲ ಅಂದ್ರೆ ನಿನ್ನನ್ನೇ ಕೇಳ್ತೀನಿ. ಬ್ಲೇಡ್ ಮುರಿದ್ರೂ ನಿನ್ನನ್ನೇ. ಎಲ್ಲರೂ ಮಾಡಿದ್ವಿ, ಯಾರೂ ಮಾಡಲಿಲ್ಲ ಅನ್ನೋ ಆಟ ಮುಗೀತು."

"ಆಯ್ತು," ಅಂದೆ. "ನನ್ನನ್ನೇ ಕೇಳಿ. ಹಿಡಿಕೆ ಮಾತ್ರ ಬೇರೆ ಯಾರೂ ಮುಟ್ಟಬೇಡಿ. ಎಣ್ಣೆ ಡಬ್ಬಿನೂ. ಮತ್ತೆ ಯಾರಾದ್ರೂ ಮರದಲ್ಲಿ ಪಾಲು ಕೇಳಿದ ದಿನ ಇಂಜಿನ್ ಸ್ಟಾರ್ಟ್ ಆಗಲ್ಲ."

ಮಾವ ನಕ್ಕರು. ಈ ಸಲ ದಣಿಯ ಮುಂದೆ ನಕ್ಕ ಹಾಗಲ್ಲ. "ಮುಟ್ಟಬೇಡಿ, ಕೇಳಬೇಡಿ, ಸ್ಟಾರ್ಟ್ ಆಗಲ್ಲ. ಈಗ ಗೊತ್ತಾಯ್ತಾ ಕರಪತ್ರ, ದಣಿ ಹೇಗೆ ಹುಟ್ತಾನೆ ಅಂತ?"

ಎಂಟು ದಿನದ ಹಿಂದೆ ಯಾರೂ ಆಜ್ಞೆ ಮಾಡುವಂತಿಲ್ಲ ಎಂದವಳು ನಾನು. ಇವತ್ತು ಒಂದೇ ಉಸಿರಿಗೆ ಮೂರು ಆಜ್ಞೆ ಮಾಡಿದ್ದೆ. ಮುಖ ಬಿಸಿಯಾಯಿತು. ಆದರೆ ಒಂದನ್ನೂ ವಾಪಸ್ ತೊಗೊಳ್ಳಲಿಲ್ಲ. ತೊಗೊಂಡರೆ ನಾಳೆ ಎಂಟು ಗಂಟೆಗೆ ದಣಿಯ ಲಾರಿ ಬರುತ್ತದೆ.

"ಆರು ತಿಂಗಳು," ಅಂದೆ ಕೊನೆಗೆ. "ಆಮೇಲೆ ಇನ್ನೊಬ್ಬರು ಕಲಿತು ನನ್ನ ಕೈಯಿಂದ ಕಿತ್ಕೊಳ್ಳಲಿ. ನಾನು ಕೊಡಲ್ಲ ಅಂದ್ರೂ."

"ಕಿತ್ಕೊಳ್ಳೋ ಕೆಲಸ ನಂಗಿರಲಿ," ಪಾಲಿಷ್ ಅಕ್ಕ. ನಗದೆ ಹೇಳಿದಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ಕಾಗದದಲ್ಲಿ ನಾಲ್ಕೂ ಹೆಸರು ಇರಬೇಕೆಂದು ಎಲ್ಲರೂ ಒಪ್ಪಿದ್ದಾರೆ. ಅವಳು ಚುಕ್ತಾ ಅಂದಿದ್ದರೂ ಬಿರುಕಿನ ಹಳಿಗೆ ಬೆಲೆ ಎಷ್ಟು ಇಳಿಸಬೇಕೆಂದು ಗೂಟ ಮೂರು ಸಲ ಹೇಳಿಕೊಟ್ಟ. ಹಿಡಿಕೆ ಎಲ್ಲಿಗೆ ನಿಲ್ಲಿಸಬೇಕು, ಸಾಕು ಎಂದು ಹೇಗೆ ತಿಳಿಯುತ್ತದೆ — ಅದನ್ನು ಮೊದಲು ಕೇಳಬೇಕು. ನಾಳೆ, ಗುರುವಾರ, ಬೆಳಿಗ್ಗೆ ಏಳು ಗಂಟೆ, ಗರಗಸದಮ್ಮನ ಶೆಡ್ಡು. ಒಬ್ಬಳೇ ಹೋಗಬೇಕು.