ಎಡಗೈಗೆ ಸಿಕ್ಕ ಟ್ರೌಟ್

ಹುನೀನ್ ದೆ ಲೋಸ್ ಆಂಡೆಸ್,
ಮೇ 19

ಓಸ್ವಾಲ್ದೋ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕುವುದಕ್ಕಿಂತ ಬರೆಯದಿರುವುದೇ ವಾಸಿ ಎನಿಸಿತು. ನಿನ್ನ ಪತ್ರ ಹೋದ ತಿಂಗಳೇ ತಲುಪಿತ್ತು. ನನ್ನ ಗಾಳದ ಕೋಲು ಮೂಲೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ಅದನ್ನು ನಿನಗೆ ಕಳಿಸಿಕೊಡಬೇಕೆಂದು ಕೇಳಿದ್ದೆ. ಕಳಿಸುವುದಿಲ್ಲ. ಅದು ಮೂಲೆಯಲ್ಲೂ ಇಲ್ಲ.

ಎದೆಯ ಆಪರೇಷನ್ ಆದಮೇಲೆ ನನ್ನ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ, ನಿಜ. ಅಷ್ಟಕ್ಕೇ ನೀನು, ನನಗೆ ಗೈಡ್ ಕೆಲಸ ಕೊಡುತ್ತಿದ್ದ ಹೊಟೇಲಿನ ಇರ್ಮಾಳ ಬಳಿ ಹೋಗಿ, "ಅವಳ ಜೊತೆ ಮೀನು ಹಿಡಿಯೋರನ್ನ ಕಳಿಸ್ಬೇಡ, ನದೀಲಿ ಬಿದ್ರೆ ಯಾರು ಹೊಣೆ?" ಅಂದೆಯಂತೆ. ಮನೆ ಬಿಟ್ಟು ಹೋಗುವ ಗಂಡ ಹೆಂಡತಿಯ ಹೊಟ್ಟೆಯ ಮೇಲೂ ಹೊಡೆದು ಹೋಗಬೇಕೇ?

ಬೇಸಿಗೆಯೆಲ್ಲ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಹಿತ್ತಲಲ್ಲಿ ನಿಂತು ಎಡಗೈಯಲ್ಲಿ ದಾರ ಬೀಸಲು ಕಲಿತೆ. ಪಕ್ಕದ ಮನೆಯ ಎಲ್ಬಾ ಬೇಲಿಯಿಂದ ಇಣುಕಿ, "ಏನೇ, ಕೋಳಿಗೆ ಗಾಳ ಹಾಕ್ತಿದ್ದೀಯಾ?" ಎಂದು ನಕ್ಕಳು.

"ಹುಂಜ ಆಗ್ಲೇ ಓಡಿಹೋಯ್ತಲ್ಲ, ಇನ್ನು ಕೋಳಿನಾದ್ರೂ ಸಿಗ್ಲಿ" ಎಂದೆ.

ಮೊನ್ನೆ ಶನಿವಾರ ರೊಸಾರಿಯೋದಿಂದ ಬೆನಿತೆಸ್ ಎಂಬ ವಕೀಲರು ಮೀನು ಹಿಡಿಯಲೆಂದು ಬಂದರು. ನದಿಯಂಚು ಹೆಪ್ಪುಗಟ್ಟಿತ್ತು, ಆ ಚಳಿಗೆ ಯಾವ ಗೈಡೂ ಹಾಸಿಗೆ ಬಿಡಲಿಲ್ಲ. ಇರ್ಮಾ ವಿಧಿಯಿಲ್ಲದೆ ನನಗೆ ಹೇಳಿಕಳಿಸಿದಳು.

"ನೀವು ಎಡಚೀನಾ?" ಎಂದರು ವಕೀಲರು.

"ಹೋದ ವರ್ಷದಿಂದ" ಎಂದೆ.

ಅವರ ಕೋಲಿನ ಮೇಲೆ ದಾರ ಹಾಯುವ ಪುಟ್ಟ ಬಳೆಗಳಲ್ಲಿ ಮಂಜು ಕಟ್ಟಿ ದಾರ ಓಡುತ್ತಿರಲಿಲ್ಲ. ಬಾಯಲ್ಲಿಟ್ಟು ಕರಗಿಸಿಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರ ಬೆರಳು ಮರಗಟ್ಟಿದವು. "ಸಾಕಪ್ಪಾ! ನೀವೇ ಹಾಕಿ, ನಾನು ನೋಡ್ತೀನಿ" ಎಂದು ದಡದಲ್ಲಿ ಕೂತರು.

ಸೊಂಟದುದ್ದ ನೀರಿಗಿಳಿದೆ. ಚಳಿಗೆ ಮೀನು ಮೇಲೇಳುವುದಿಲ್ಲವೆಂದು ಗಾಳಕ್ಕೆ ಕಟ್ಟಿದ ಪುಕ್ಕದ ನೊಣವನ್ನು ಮಡುವಿನ ತಳಕ್ಕೆ ಮುಳುಗಲು ಬಿಟ್ಟೆ. ಎಷ್ಟೋ ಸಲ ಬರಿದೇ ಬಂತು. ಆಮೇಲೊಮ್ಮೆ ತೇಲುತ್ತಿದ್ದ ದಾರ ಗಕ್ಕನೆ ನಿಂತಿತು. ಕಂದು ಟ್ರೌಟ್, ನನ್ನ ತೋಳಿನಷ್ಟುದ್ದ! ಬಲಗೈಯಲ್ಲಿ ಬಲೆ ಚಾಚಲಾಗದು. ಹಿಂದೆ ಹಿಂದೆ ನಡೆದು ದಡಕ್ಕೆ ತಂದೆ. ವಕೀಲರು ಮಗುವಿನಂತೆ ಕೂಗುತ್ತಾ ನೀರಿಗೆ ಮಂಡಿಯೂರಿ ಬಲೆ ಹಿಡಿದರು. ಕಣ್ತುಂಬ ನೋಡಿ ಮೀನನ್ನು ನದಿಗೇ ಬಿಟ್ಟೆವು.

ಮುಂದಿನ ಹಂಗಾಮಿಗೆ ಇರ್ಮಾ ನನ್ನನ್ನೇ ಗೊತ್ತುಮಾಡಿದ್ದಾಳೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಇಂತಿ,
ಯಾರ ಹಂಗೂ ಇಲ್ಲದ
ನೆಲಿದಾ

ಮರೆತ ಮಾತು: ಆ ಶನಿವಾರ ನೀನು ಸೇತುವೆಯ ಮೇಲೆ, ಟೋಪಿ ಕೆಳಗೆಳೆದುಕೊಂಡು ನಿಂತದ್ದನ್ನು ನೋಡಿದೆ. ಮೀನು ಕಚ್ಚುವ ಮೊದಲೇ ನೀನು ಹೊರಟುಹೋದೆ. ಅರ್ಧಕ್ಕೇ ಎದ್ದುಹೋಗುವುದು ನಿನ್ನ ಹಳೆಯ ಚಾಳಿ. ಮಿಕ್ಕರ್ಧ ನಿನಗೆ ತಿಳಿಯಲೆಂದೇ ಇಷ್ಟೆಲ್ಲ ಬರೆದೆ.